ಗ್ಯಾಸ್ ಗುಳಿಗೆಗೂ ಒಂದು ಗಡುವು ಇರಲಿ: ಜಠರದ ಕ್ಯಾನ್ಸರ್ ತಡವಾಗಿ ಗೊತ್ತಾಗುವುದು ಯಾಕೆ, ನಾವೇನು ಮಾಡಬಹುದು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಎದೆ ಉರಿ, ಹುಳಿ ತೇಗು ಅಂದರೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಮಂಡಾಳ ಒಗ್ಗರಣೆ ಜೊತೆ ಮಿರ್ಚಿ, ಮಧ್ಯಾಹ್ನ ರೊಟ್ಟಿಗೆ ಕೆಂಪು ಖಾರದ ಚಟ್ನಿ, ನಡುನಡುವೆ ಚಹಾ. ಉರಿಯದೆ ಇನ್ನೇನಾಗುತ್ತೆ ಅಂತ ನಾವೇ ನಗುತ್ತೇವೆ. ಮೆಡಿಕಲ್ ಶಾಪ್‌ನಲ್ಲಿ "ಗ್ಯಾಸಿಂದು ಒಂದು ಪಟ್ಟಿ ಕೊಡ್ರಿ" ಅಂದರೆ ಚೀಟಿ ಕೇಳುವವರೂ ಕಡಿಮೆ.

ಬಹಳಷ್ಟು ಸಲ ಅದು ನಿಜಕ್ಕೂ ಗ್ಯಾಸೇ ಆಗಿರುತ್ತದೆ. ತೊಂದರೆ ಇರುವುದೂ ಅಲ್ಲೇ. ಜಠರದ ಕ್ಯಾನ್ಸರ್ ಶುರುವಿನಲ್ಲಿ ಬೇರೆ ಯಾವ ವೇಷದಲ್ಲೂ ಬರುವುದಿಲ್ಲ. ಇದೇ ಉರಿ, ಇದೇ ಉಬ್ಬರ, ಇದೇ "ಯಾಕೋ ಊಟ ಸೇರ್ತಿಲ್ಲ". ಎಷ್ಟೋ ಜನಕ್ಕೆ ಅಷ್ಟೂ ಆಗುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ 9.6 ಲಕ್ಷಕ್ಕೂ ಜಾಸ್ತಿ ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಇದರಿಂದ ಸುಮಾರು 6.6 ಲಕ್ಷ ಜನ ತೀರಿಕೊಂಡರು. ಎರಡೂ ಸಂಖ್ಯೆ ಇಷ್ಟು ಹತ್ತಿರ ಇರುವುದಕ್ಕೆ ಒಂದು ದೊಡ್ಡ ಕಾರಣ ತಡ.

ತಡ ಆಗುವುದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ಅದರಲ್ಲಿ ನಮ್ಮ ಕೈಯಲ್ಲಿರುವ ಭಾಗ ಸಣ್ಣದೇನಲ್ಲ.

ತಡ ಆಗುವುದು ಎಲ್ಲೆಲ್ಲಿ

ಮೊದಲನೆಯದು ಜಠರದ ಸ್ವಭಾವವೇ. ಗಡ್ಡೆ ಹುಟ್ಟುವುದು ಒಳಗೋಡೆಯ ತೆಳು ಪದರದಲ್ಲಿ. ಅಷ್ಟು ಸಣ್ಣದಿದ್ದಾಗ ಅದು ನೋಯುವುದಿಲ್ಲ. ಊಟ ಬಂದ ಹಾಗೆ ಜಠರ ಹಿಗ್ಗುತ್ತದೆ, ಒಂದು ಲೀಟರ್‌ಗೂ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಒಂದು ಮೂಲೆಯಲ್ಲಿ ಏನೋ ಬೆಳೆದರೂ ದಾರಿ ಕಟ್ಟುವವರೆಗೆ ಅಥವಾ ರಕ್ತ ಸೋರುವವರೆಗೆ ನಮಗೆ ಸುಳಿವು ಸಿಗುವುದಿಲ್ಲ. ಅದಕ್ಕೂ ಮುಂಚಿನ ಹಂತಗಳು ಇನ್ನೂ ನಿಧಾನ. ಮೊದಲು ಒಳಪದರದ ಉರಿಯೂತ, ಆಮೇಲೆ ಆ ಪದರ ತೆಳುವಾಗುವುದು, ಆಮೇಲೆ ಜೀವಕೋಶಗಳು ಬದಲಾಗುವುದು. ಇದಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ.

ಎರಡನೆಯದು ಗುಳಿಗೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ತರಹದ ಗುಳಿಗೆಗಳು ಆಮ್ಲ ತಗ್ಗಿಸುತ್ತವೆ. ಹುಣ್ಣು ಕ್ಯಾನ್ಸರ್‌ನದ್ದೇ ಆಗಿದ್ದರೂ ಆಮ್ಲ ಕಡಿಮೆಯಾದರೆ ಉರಿ ಕಡಿಮೆಯಾಗುತ್ತದೆ. ಕೆಲವು ಸಲ ಹುಣ್ಣಿನ ಮೇಲ್ಭಾಗ ಮಾಯ್ದ ಹಾಗೂ ಕಾಣುತ್ತದೆ. "ಗುಳಿಗೆ ತಗೊಂಡ್ರೆ ಆರಾಮ ಆಗುತ್ತೆ, ಹಾಗಾದ್ರೆ ಗ್ಯಾಸೇ ಇರಬೇಕು" ಅನ್ನುವ ಲೆಕ್ಕ ಬಹಳ ಜನ ಹಾಕುತ್ತಾರೆ. ಆ ಲೆಕ್ಕವೇ ತಪ್ಪು.

ಮೂರನೆಯದು ನಮ್ಮ ಕಡೆಯ ಬದುಕು. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಕಟಾವಿನ ಹೊತ್ತಿಗೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ಕುಷ್ಟಗಿ, ಯಲಬುರ್ಗಾ, ದೇವದುರ್ಗದಿಂದ ಗುಳೆ ಹೋದವರು ಬೆಂಗಳೂರಿನ ಶೆಡ್ಡಿನಲ್ಲಿ ಇರುತ್ತಾರೆ. ದಿನಗೂಲಿ ಬಿಟ್ಟು ಒಪಿಡಿ ಸಾಲಿನಲ್ಲಿ ನಿಲ್ಲಲು ಆಗುವುದಿಲ್ಲ. ಊರಿನಲ್ಲಿ ಇದ್ದವರಿಗೂ ಮೊದಲು ಆರ್‌ಎಂಪಿ, ಒಂದು ಇಂಜೆಕ್ಷನ್, ಸುಸ್ತು ಅಂದರೆ ಒಂದು ಸಲೈನ್. ಹೆಂಗಸರ ಕಥೆ ಇನ್ನೂ ಕಷ್ಟ. ಎಲ್ಲರದ್ದೂ ಆದ ಮೇಲೆ ಉಣ್ಣುವವರು ಕಡಿಮೆ ಉಂಡರೆ ಅದನ್ನು ಗಮನಿಸುವವರು ಯಾರು? ಸೋಮವಾರ, ಶ್ರಾವಣ ಅಂತ ಉಪವಾಸ ಬೇರೆ. "ಉಪಾಸ ಮಾಡಿ ಮಾಡಿ ಗ್ಯಾಸ್ ಆಗಿದೆ" ಅನ್ನುವ ಉತ್ತರ ತಯಾರಾಗಿಯೇ ಇರುತ್ತದೆ.

ನಾಲ್ಕನೆಯ ಕಾರಣಕ್ಕೆ ಯಾರನ್ನೂ ಬೈಯುವಂತಿಲ್ಲ. ದಕ್ಷಿಣ ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಜಠರದ ತಪಾಸಣೆ ಸರ್ಕಾರವೇ ಮಾಡಿಸುತ್ತದೆ. ಜಪಾನ್‌ನಲ್ಲೂ ದಶಕಗಳಿಂದ ಇಂಥ ವ್ಯವಸ್ಥೆ ಇದೆ. ಅಲ್ಲಿ ಈ ರೋಗ ತುಂಬಾ ಜಾಸ್ತಿ, ಆದ್ದರಿಂದ ಆರೋಗ್ಯವಾಗಿ ಇದ್ದವರನ್ನೂ ಕರೆದು ನೋಡುತ್ತಾರೆ. ನಮ್ಮ ದೇಶದ ಸರ್ಕಾರಿ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಇವೆ. ಜಠರ ಇಲ್ಲ. ಮಿಜೋರಾಂ ಬಿಟ್ಟರೆ ದೇಶದ ಹೆಚ್ಚಿನ ಕಡೆ ಅಷ್ಟು ಕೇಸ್ ಇಲ್ಲದಿರುವುದರಿಂದ ಎಲ್ಲರಿಗೂ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಪೈಪ್ ಬಿಟ್ಟು ಜಠರ ನೋಡುವುದು) ಮಾಡುವುದು ಆಗುವ ಮಾತೂ ಅಲ್ಲ. ಅಂದರೆ ಇಲ್ಲಿ ಯಾರೂ ನಮ್ಮನ್ನು ಕರೆಯುವುದಿಲ್ಲ. ನಾವೇ ಹೋಗಬೇಕು.

ಇನ್ನೊಂದು ಮಾತು. ತೂಕ ಇಳಿಯುವುದು, ಕಪ್ಪು ಮಲ, ಗಡ್ಡೆ ಕೈಗೆ ಸಿಗುವುದು, ಇವನ್ನು ಅಪಾಯದ ಲಕ್ಷಣ ಅಂತ ಎಲ್ಲಾ ಕಡೆ ಬರೆದಿರುತ್ತಾರೆ. ಸರಿಯೇ. ಆದರೆ ಅವು ಕಾಣಿಸುವ ಹೊತ್ತಿಗೆ ರೋಗ ಸಾಕಷ್ಟು ಮುಂದೆ ಹೋಗಿರುವುದೇ ಜಾಸ್ತಿ. ಆ ಲಕ್ಷಣಗಳು ಬರಲಿ ಅಂತ ಕಾದು ಕೂತರೆ ಕಾದಿದ್ದೇ ತಡವಾಗುತ್ತದೆ. ಆದ್ದರಿಂದ ಕೆಳಗಿನ ಹೆಜ್ಜೆಗಳು ಗ್ಯಾಸ್ ಗುಳಿಗೆಯಿಂದಲೇ ಶುರುವಾಗುತ್ತವೆ.

ಹೆಜ್ಜೆ 1: ಮೊದಲ ಗುಳಿಗೆ ನುಂಗಿದ ತಾರೀಕು ಬರೆದಿಡಿ

ಕ್ಯಾಲೆಂಡರ್ ಮೇಲೆ ಒಂದು ಗುರುತು ಸಾಕು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದ್ದರೆ ಇನ್ನೂ ಒಳ್ಳೆಯದು, ದಿನಾ ಕಣ್ಣಿಗೆ ಬೀಳುತ್ತದೆ. ಡಾಕ್ಟರ್ ಹೇಳದೆ ನಾವೇ ತೆಗೆದುಕೊಳ್ಳುವ ಗ್ಯಾಸ್ ಗುಳಿಗೆಗೆ ಎರಡು ವಾರ ಗಡುವು. ಎರಡು ವಾರ ಆದರೂ ಕಡಿಮೆ ಆಗಲಿಲ್ಲ, ಅಥವಾ ನಿಲ್ಲಿಸಿದ ಕೂಡಲೇ ಮತ್ತೆ ಬಂತು ಅಂದರೆ ಇನ್ನೊಂದು ಪಟ್ಟಿ ತರಬೇಡಿ. ಡಾಕ್ಟರ್ ಹತ್ತಿರ ಹೋಗಿ.

45 ದಾಟಿದವರಿಗೆ ಇದು ಇನ್ನೂ ಬಿಗಿ. ಮೊದಲೆಲ್ಲಾ ಕಲ್ಲು ತಿಂದು ಕರಗಿಸುತ್ತಿದ್ದ ಮನುಷ್ಯನಿಗೆ ಈ ವಯಸ್ಸಿನಲ್ಲಿ ಹೊಸದಾಗಿ ಅಜೀರ್ಣ ಶುರುವಾಯಿತು ಅಂದರೆ ಅದನ್ನು ಸುಮ್ನೆ ಬಿಡುವ ಹಾಗಿಲ್ಲ. ಬೇರೆ ಯಾವ ಲಕ್ಷಣ ಇಲ್ಲದಿದ್ದರೂ ಎಂಡೋಸ್ಕೋಪಿ ಬೇಕಾ ಅಂತ ಬಾಯಿಬಿಟ್ಟು ಕೇಳಿ. ರೋಗ ಬೇಗ ಸಿಗುವ ಅವಕಾಶ ಇರುವುದು ಇಂಥ ಹೊತ್ತಿನಲ್ಲೇ.

ಚಿಕ್ಕ ವಯಸ್ಸಿನವರಿಗೆ ಬರುವುದೇ ಇಲ್ಲ ಅಂತಲ್ಲ. ಗೋಡೆಯೊಳಗೇ ಹರಡಿಕೊಂಡು ಹೋಗುವ ಒಂದು ಬಗೆಯ ಜಠರದ ಕ್ಯಾನ್ಸರ್ ಮೂವತ್ತರ ಆಸುಪಾಸಿನಲ್ಲೂ ಕಾಣಿಸಿಕೊಳ್ಳುತ್ತದೆ. ಅಂಥವರದ್ದು ಇನ್ನೂ ತಡವಾಗುತ್ತದೆ, ಯಾಕಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಅಂದ ಹಾಗೆ, ಖಾರ ತಿಂದರೆ ಜಠರದ ಕ್ಯಾನ್ಸರ್ ಬರುತ್ತದೆ ಅನ್ನಲು ಗಟ್ಟಿ ಸಾಕ್ಷಿ ಇಲ್ಲ. ಉಪ್ಪು ಜಾಸ್ತಿ ಹಾಕಿ ಇಟ್ಟ ಪದಾರ್ಥ, ಬೀಡಿ ಸಿಗರೇಟು, ಮಿತಿಮೀರಿದ ಕುಡಿತ, ಇವುಗಳ ಮೇಲೆ ಸಾಕ್ಷಿ ಇದೆ. ಮಿರ್ಚಿಯಿಂದ ಆಗುವ ನಷ್ಟ ಬೇರೆ. ಎಲ್ಲಾ ತಪ್ಪನ್ನೂ ಅದರ ಮೇಲೆ ಹಾಕಿ ನಿಶ್ಚಿಂತೆಯಿಂದ ಕೂತುಬಿಡುತ್ತೇವೆ.

ಹೆಜ್ಜೆ 2: ತಟ್ಟೆ, ಉಡದಾರ, ಮಲ ನೋಡಿ

ಮನೆಯಲ್ಲೇ ನೋಡಬಹುದಾದ ಕೆಲವು ವಿಷಯ ಇವೆ. ರೋಗಿಗಿಂತ ಊಟ ಬಡಿಸುವವರಿಗೆ ಇವು ಮೊದಲು ಗೊತ್ತಾಗುತ್ತವೆ.

ಮೂರು ರೊಟ್ಟಿ ತಿನ್ನುತ್ತಿದ್ದವರು ಒಂದಕ್ಕೇ "ಸಾಕು, ಹೊಟ್ಟೆ ತುಂಬಿತು" ಅಂದರೆ ಗಮನಿಸಿ. ಹಸಿವು ಇಲ್ಲದಿರುವುದು ಒಂದು, ಹಸಿವಾಗಿ ಕೂತು ನಾಲ್ಕು ತುತ್ತಿಗೇ ತುಂಬಿಬಿಡುವುದು ಇನ್ನೊಂದು. ಎರಡನೆಯದು ಜಠರ ಮೊದಲಿನಂತೆ ಹಿಗ್ಗುತ್ತಿಲ್ಲ ಅನ್ನುವುದಕ್ಕೆ ಗುರುತಾಗಿರಬಹುದು. ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ಆಗಿ ಗಂಜಿ, ಮಜ್ಜಿಗೆ ಮಾತ್ರ ಇಳಿಯುತ್ತಿದೆಯೇ? ರಾತ್ರಿ ಉಂಡ ಅನ್ನ ಬೆಳಿಗ್ಗೆ ಹಾಗೇ ವಾಂತಿಯಲ್ಲಿ ಬರುತ್ತಿದೆಯೇ? ಇವೆರಡರಲ್ಲಿ ಯಾವುದು ಕಂಡರೂ ಎರಡು ವಾರದ ಗಡುವೂ ಬೇಡ, ಆ ವಾರವೇ ಹೋಗಿ.

ತೂಕ ನೋಡಲು ಮನೆಯಲ್ಲಿ ಯಂತ್ರ ಇರುವುದಿಲ್ಲ. ಪರವಾಗಿಲ್ಲ. ಉಡದಾರ ಜಾರುತ್ತಿದೆ, ಬೆಲ್ಟಿಗೆ ಹೊಸ ತೂತು ಹಾಕಬೇಕಾಯಿತು, ಬಳೆ ಮೊಣಕೈವರೆಗೆ ಏರುತ್ತಿದೆ, ರವಿಕೆ ಸಡಿಲವಾಯಿತು, ಇವೇ ಅಳತೆ. ಸಮೀಪದ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ತೂಕ ನೋಡಿಸಿ ಬರೆದಿಟ್ಟರೆ ಇನ್ನೂ ಖಚಿತ. ಡಯಟ್ ಮಾಡದೆ, ಕೆಲಸ ಜಾಸ್ತಿ ಮಾಡದೆ ಆರು ತಿಂಗಳಲ್ಲಿ ನೂರಕ್ಕೆ 5ರಷ್ಟು ಇಳಿದರೆ ಕಾರಣ ಹುಡುಕಲೇಬೇಕು. 60 ಕೆಜಿ ಇದ್ದವರಿಗೆ ಅದು 3 ಕೆಜಿ. "ಸಕ್ಕರೆ ಕಾಯಿಲೆ ಇರಬೇಕು" ಅಂತ ಶುಗರ್ ಒಂದನ್ನೇ ನೋಡಿಸಿ ಬಿಡಬೇಡಿ.

ಮಲದ ವಿಷಯ ಮಾತಾಡಲು ನಾಚಿಕೆ, ಆದರೆ ಇಲ್ಲಿ ಮಾತಾಡಲೇಬೇಕು. ಜಠರದಲ್ಲಿ ಸೋರಿದ ರಕ್ತ ಕರುಳಿನಲ್ಲಿ ಇಳಿಯುತ್ತಾ ಕೆಂಪು ಬಣ್ಣ ಕಳೆದುಕೊಳ್ಳುತ್ತದೆ. ಹೊರಗೆ ಬರುವಾಗ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಹೊಳಪಿನಿಂದ ಇರುತ್ತದೆ. ವಾಸನೆ ಮಾಮೂಲಿಗಿಂತ ತೀರಾ ಕೆಟ್ಟದಾಗಿರುತ್ತದೆ, ನೀರು ಹಾಕಿದರೂ ಬೇಗ ಹೋಗುವುದಿಲ್ಲ. ಕತ್ತಲಲ್ಲಿ ಬಯಲಿಗೆ ಹೋಗುವವರಿಗೆ ಇದು ಕಾಣುವುದೇ ಇಲ್ಲ. ವಯಸ್ಸಾದವರಿಗೆ ಹಗಲು ಒಂದು ಸಲ ನೋಡಿಕೊಳ್ಳಲು ಹೇಳಿ. ಒಂದು ಗೊಂದಲ ಇದೆ: ಐರನ್ ಗುಳಿಗೆ ತೆಗೆದುಕೊಂಡರೂ ಮಲ ಕಪ್ಪಾಗುತ್ತದೆ. ಆದರೆ ಅದು ಸಾಮಾನ್ಯವಾಗಿ ಹಸಿರು ಮಿಶ್ರಿತ ಕಪ್ಪು, ಗಟ್ಟಿ, ಅಂಟು ಇರುವುದಿಲ್ಲ, ಆ ಕೆಟ್ಟ ವಾಸನೆಯೂ ಇರುವುದಿಲ್ಲ. ಗೊತ್ತಾಗದಿದ್ದರೆ ಡಾಕ್ಟರ್‌ಗೆ ಬಿಡಿ. ಡಾಂಬರಿನಂಥ ಮಲದ ಜೊತೆ ತಲೆ ಸುತ್ತು, ಬೆವರು ಬಂದರೆ, ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಅದು ತುರ್ತು. 108ಕ್ಕೆ ಫೋನ್ ಮಾಡಿ.

ಇನ್ನು ರಕ್ತ ಕಡಿಮೆ ಆಗುವುದು. ನಮ್ಮ ಕಡೆ ಹೆಂಗಸರಿಗೆ ರಕ್ತ ಕಡಿಮೆ ಅಂದರೆ ಅದು ಸುದ್ದಿಯೇ ಅಲ್ಲ. ಐರನ್ ಗುಳಿಗೆ ಕೊಟ್ಟು ಕಳಿಸುತ್ತಾರೆ, ಬಹಳ ಸಲ ಅದು ಸರಿಯೂ ಹೌದು. ಆದರೆ ಮುಟ್ಟು ನಿಂತ ಹೆಂಗಸಿಗೆ, ಅಥವಾ ಯಾವುದೇ ವಯಸ್ಸಿನ ಗಂಡಸಿಗೆ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತ ಇಳಿದರೆ ಆ ರಕ್ತ ಎಲ್ಲಿಗೆ ಹೋಯಿತು ಅಂತ ಕೇಳಲೇಬೇಕು. ಜಠರದಿಂದಲೋ ದೊಡ್ಡ ಕರುಳಿನಿಂದಲೋ ದಿನಾ ಸ್ವಲ್ಪ ಸ್ವಲ್ಪ ಸೋರುತ್ತಿರಬಹುದು. ಎರಡು ಬಾಟಲಿ ರಕ್ತ ಹಾಕಿಸಿಕೊಂಡು ಮುಖಕ್ಕೆ ಕಳೆ ಬಂತು ಅಂತ ಮನೆಗೆ ಬಂದರೆ ಕಾರಣ ಒಳಗೇ ಉಳಿದುಬಿಡುತ್ತದೆ.

ಹೊಟ್ಟೆಯಲ್ಲಿ ಗಡ್ಡೆ ಸಿಗುವುದು, ನೀರು ತುಂಬಿ ಹೊಟ್ಟೆ ದೊಡ್ಡದಾಗುವುದು, ಎಡಗಡೆ ಕೊರಳಮೂಳೆಯ ಮೇಲೆ ಗಂಟು ಕಾಣುವುದು, ಕಣ್ಣು ಹಳದಿಯಾಗುವುದು, ಇವು ಬಹಳ ಮುಂದಿನ ಹಂತದ ಗುರುತುಗಳು.

ಹೆಜ್ಜೆ 3: ಡಾಕ್ಟರ್ ಮುಂದೆ ಹೇಳುವುದನ್ನು ಬರೆದುಕೊಂಡು ಹೋಗಿ

ದೊಡ್ಡಾಸ್ಪತ್ರೆಯ ಒಪಿಡಿಯಲ್ಲಿ ಒಬ್ಬೊಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. "ಹೊಟ್ಟೆ ನೋವು ಸರ್" ಅಂದರೆ ಹೊಟ್ಟೆ ಎಲ್ಲಿಂದ ಎಲ್ಲಿಯವರೆಗೂ ಇದೆ. ಗ್ಯಾಸ್ ಗುಳಿಗೆ ಬರೆದು ಮುಂದಿನವರನ್ನು ಕರೆಯುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ, ಹೊರಗೆ ಇನ್ನೂ ನೂರು ಜನ ನಿಂತಿರುತ್ತಾರೆ. ನೋವು ಎಲ್ಲಿ ಅಂತ ಬೆರಳಿಟ್ಟು ತೋರಿಸಿ: ಎದೆಗೂಡಿನ ಕೆಳಗೆ, ಹೊಕ್ಕುಳದ ಮೇಲೆ. ಉಳಿದಿದ್ದನ್ನು ಓದು ಬರುವ ಮಗನೋ ಮಗಳೋ ಒಂದು ಹಾಳೆಯಲ್ಲಿ ಬರೆದುಕೊಡಲಿ. ಉದಾಹರಣೆಗೆ ಹೀಗೆ:

"ವಯಸ್ಸು 52. ಎದೆಗೂಡಿನ ಕೆಳಗೆ ಉರಿ, ಯುಗಾದಿ ಹೊತ್ತಿಗೆ ಶುರು. ಪ್ಯಾಂಟೊಪ್ರಜೋಲ್ ಮೂರು ವಾರ. ನುಂಗಿದರೆ ಕಡಿಮೆ, ಬಿಟ್ಟರೆ ಮತ್ತೆ. ಮೂರು ರೊಟ್ಟಿ ತಿನ್ನುತ್ತಿದ್ದೆ, ಈಗ ಒಂದು. ತೂಕ 61 ಇತ್ತು, ಈಗ 57. ಮಲ ಕಪ್ಪಗೆ ಎರಡು ಸಲ. ಐರನ್ ಗುಳಿಗೆ ಇಲ್ಲ. ಮೊಣಕಾಲು ನೋವಿಗೆ ಡೈಕ್ಲೋಫೆನಾಕ್, ವಾರಕ್ಕೆ ಮೂರ್ನಾಲ್ಕು. ಬೀಡಿ ಇದೆ. ಅಣ್ಣನಿಗೆ ಹೊಟ್ಟೆ ಕ್ಯಾನ್ಸರ್ ಆಗಿತ್ತು."

ಇಷ್ಟು ಬರೆದ ಹಾಳೆ ನೋಡಿದ ಯಾವ ಡಾಕ್ಟರೂ ಬರೀ ಗುಳಿಗೆ ಕೊಟ್ಟು ಕಳಿಸುವ ಮುಂಚೆ ಎರಡು ಸಲ ಯೋಚನೆ ಮಾಡುತ್ತಾರೆ. ನೋವಿನ ಗುಳಿಗೆ ವಿಷಯ ಮುಚ್ಚಿಡಬೇಡಿ. ನಾಟಿ ಕೆಲಸ, ಮೂಟೆ ಹೊರುವ ಕೆಲಸ ಮಾಡುವವರು ಮೈಕೈ ನೋವಿಗೆ ನುಂಗುವ ಗುಳಿಗೆಗಳೂ ಜಠರದಲ್ಲಿ ಹುಣ್ಣು ಮಾಡುತ್ತವೆ. ಡಾಕ್ಟರ್‌ಗೆ ಆ ಹುಣ್ಣು, ಕ್ಯಾನ್ಸರ್ ಎರಡನ್ನೂ ಬೇರೆ ಮಾಡಿ ನೋಡಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಬಂದಿದ್ದರೆ ನಮಗೆ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ.

ಹೆಜ್ಜೆ 4: ಸ್ಕ್ಯಾನಿಂಗ್ ನಾರ್ಮಲ್ ಅಂದರೆ ಅಲ್ಲಿಗೆ ನಿಲ್ಲಬೇಡಿ, ಎಂಡೋಸ್ಕೋಪಿ ಕೇಳಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹೊಟ್ಟೆ ನೋವು ಅಂದ ಕೂಡಲೇ ನಾವು ಮಾಡಿಸುವುದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಎಲ್ಲಾ ಊರಲ್ಲೂ ಸಿಗುತ್ತದೆ, ನೋವಿಲ್ಲ, ಬೇಗ ಮುಗಿಯುತ್ತದೆ. ಪಿತ್ತಕೋಶದ ಕಲ್ಲು, ಕಿಡ್ನಿ, ಲಿವರ್ ನೋಡಲು ಅದು ಬಹಳ ಒಳ್ಳೆಯದು. ಆದರೆ ಜಠರದಲ್ಲಿ ಗಾಳಿ ತುಂಬಿರುತ್ತದೆ, ಸ್ಕ್ಯಾನಿಂಗಿನ ಶಬ್ದದ ಅಲೆ ಗಾಳಿಯನ್ನು ದಾಟಿ ಒಳಗೋಡೆ ತೋರಿಸುವುದಿಲ್ಲ. ಶುರುವಿನ ಕ್ಯಾನ್ಸರ್ ಅದರಲ್ಲಿ ಕಾಣುವುದೇ ಇಲ್ಲ. ಸಿಟಿ ಸ್ಕ್ಯಾನ್ ಕೂಡ ಸಣ್ಣದನ್ನು ತಪ್ಪಿಸಿಬಿಡುತ್ತದೆ. ರಕ್ತ ಪರೀಕ್ಷೆಯಲ್ಲಿ "ಕ್ಯಾನ್ಸರ್ ಮಾರ್ಕರ್" ನೋಡುವುದೂ ಇದಕ್ಕೆ ನಂಬುವಂಥದ್ದಲ್ಲ. "ಸ್ಕ್ಯಾನಿಂಗ್ ಮಾಡ್ಸೀವಿ, ಎಲ್ಲಾ ನಾರ್ಮಲ್ ಐತಿ" ಅಂತ ತಿಂಗಳುಗಟ್ಟಲೆ ನಿಶ್ಚಿಂತೆಯಿಂದ ಕೂತ ಮನೆಗಳು ನಮ್ಮ ಕಡೆ ಎಷ್ಟಿಲ್ಲ? ರಿಪೋರ್ಟ್ ಸುಳ್ಳಲ್ಲ, ಅದು ನೋಡಿದ್ದು ಬೇರೆ ಜಾಗ.

ಜಠರದ ಒಳಗೋಡೆ ನೋಡಲು ಸರಿಯಾದ ದಾರಿ ಎಂಡೋಸ್ಕೋಪಿ. ತುದಿಯಲ್ಲಿ ಕ್ಯಾಮೆರಾ ಇರುವ ಕಿರುಬೆರಳು ದಪ್ಪದ ಪೈಪನ್ನು ಬಾಯಿಯಿಂದ ಒಳಗೆ ಬಿಡುತ್ತಾರೆ. ಜನ ಇದಕ್ಕೆ ಹೆದರುವಷ್ಟು ಆಪರೇಷನ್ನಿಗೂ ಹೆದರುವುದಿಲ್ಲ! ನಿಜಕ್ಕೂ ನಡೆಯುವುದು ಇಷ್ಟು. ಹಿಂದಿನ ರಾತ್ರಿ ಊಟ ಆದ ಮೇಲೆ ಏನೂ ತಿನ್ನುವ ಹಾಗಿಲ್ಲ, ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆ ಬೇಕು. ಬೆಳಗಿನ ಚಹಾ, ಬೀಡಿ, ಗುಟ್ಕಾ ಕೂಡ ಬೇಡ. ಗಂಟಲಿಗೆ ಮರಗಟ್ಟುವ ಔಷಧಿ ಸ್ಪ್ರೇ ಮಾಡುತ್ತಾರೆ. ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಒಂದು ಪ್ಲಾಸ್ಟಿಕ್ ಬಳೆ ಇಡುತ್ತಾರೆ. ಪೈಪ್ ಗಂಟಲು ದಾಟುವಾಗ ಓಕರಿಕೆ ಬರುತ್ತದೆ, ಅದು ಕೆಲವು ಸೆಕೆಂಡ್. ಮೂಗಿನಲ್ಲಿ ನಿಧಾನಕ್ಕೆ ಉಸಿರಾಡುತ್ತಾ ಇರಬೇಕು, ಎಂಜಲು ನುಂಗದೆ ಹೊರಗೆ ಸುರಿಯಲು ಬಿಡಬೇಕು. ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಗಂಟಲಿನ ಮರಗಟ್ಟು ಹೋಗುವವರೆಗೆ, ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ, ನೀರೂ ಕುಡಿಯಬಾರದು. ನಿದ್ದೆ ಇಂಜೆಕ್ಷನ್ ಕೊಟ್ಟಿದ್ದರೆ ಅವತ್ತು ಗಾಡಿ ಓಡಿಸುವ ಹಾಗಿಲ್ಲ, ಜೊತೆಗೆ ಒಬ್ಬರು ಬೇಕು.

ಹೋಗುವ ಮುಂಚೆ ಎರಡು ವಿಷಯ ಕೇಳಿ. ಒಂದು, ಗ್ಯಾಸ್ ಗುಳಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು. ಸಾಧ್ಯವಾದರೆ ಎರಡು ವಾರ ಬಿಟ್ಟು ನೋಡುವುದು ಒಳ್ಳೆಯದು, ಇಲ್ಲದಿದ್ದರೆ ಗುಳಿಗೆ ಹುಣ್ಣನ್ನೂ ಸೋಂಕನ್ನೂ (ಹೆಜ್ಜೆ 6 ನೋಡಿ) ಮರೆಮಾಡುತ್ತದೆ. ಆದರೆ ರಕ್ತ ಹೋಗುತ್ತಿರುವವರು ತಾವಾಗಿಯೇ ನಿಲ್ಲಿಸಬಾರದು, ಪರೀಕ್ಷೆಯನ್ನು ಎರಡು ವಾರ ಮುಂದೆ ಹಾಕಲೂಬಾರದು. ಎರಡು, ರಕ್ತ ತೆಳುವಾಗಿಸುವ ಗುಳಿಗೆ, ಶುಗರ್ ಗುಳಿಗೆ, ಇನ್ಸುಲಿನ್ ಇದ್ದರೆ ಅವತ್ತು ಏನು ಮಾಡಬೇಕು.

ಎಲ್ಲಿ ಮಾಡಿಸುವುದು? ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಇಲ್ಲಿಂದ ಶುರು ಮಾಡಿ. ಮಸ್ಕಿಯಿಂದಲೋ ಕನಕಗಿರಿಯಿಂದಲೋ ಬಸ್ ಹತ್ತುವ ಮುಂಚೆ ಎಂಡೋಸ್ಕೋಪಿ ಯಾವ ದಿನ, ಎಷ್ಟು ಗಂಟೆಗೆ ಅಂತ ಫೋನ್ ಮಾಡಿಯೋ ಯಾರನ್ನಾದರೂ ವಿಚಾರಿಸಿಯೋ ತಿಳಿದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಬಂದು "ಇವತ್ತಿಲ್ಲ, ಗುರುವಾರ ಬನ್ನಿ" ಅನ್ನಿಸಿಕೊಂಡವರು ಮತ್ತೆ ಬರುವುದು ಕಷ್ಟ. ಖಾಸಗಿಯಲ್ಲಿ ಕೆಲವು ಸಾವಿರ ರೂಪಾಯಿ ಆಗುತ್ತದೆ. ತೋರಣಗಲ್ಲು, ಗಿಣಿಗೇರಾ ಕಡೆ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಇಎಸ್‌ಐ ಕಾರ್ಡ್ ಇದ್ದರೆ ಅದನ್ನು ಮರೆಯಬೇಡಿ.

ಹೆಜ್ಜೆ 5: ಬಯಾಪ್ಸಿ ರಿಪೋರ್ಟ್ ಕೈಗೆ ಬರುವವರೆಗೆ ಕೆಲಸ ಮುಗಿದಿಲ್ಲ

ಹುಣ್ಣು ಕಂಡರೆ ಅದೇ ಪೈಪಿನಿಂದ ಅಕ್ಕಿಕಾಳಿಗಿಂತ ಸಣ್ಣ ಚೂರುಗಳನ್ನು ಪರೀಕ್ಷೆಗೆ ತೆಗೆಯುತ್ತಾರೆ, ಇದೇ ಬಯಾಪ್ಸಿ. ಸಾಮಾನ್ಯವಾಗಿ ಆರರಿಂದ ಎಂಟು, ಯಾಕಂದರೆ ಒಂದೆರಡರಲ್ಲಿ ರೋಗ ಸಿಗದೆಯೂ ಹೋಗಬಹುದು. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ, ಗಾಳಿ ತಾಗಿದರೆ ಕೆದರುತ್ತದೆ ಅನ್ನುವ ಮಾತು ಊರೂರಲ್ಲಿ ಇದೆ. ಜಠರದ ಎಂಡೋಸ್ಕೋಪಿ ಬಯಾಪ್ಸಿಯಿಂದ ಹಾಗೆ ಆಗುವುದಿಲ್ಲ. ಚೂರು ತೆಗೆಯದಿದ್ದರೆ ಅದು ಬರೀ ಹುಣ್ಣೋ ಬೇರೆಯೋ ಅಂತ ಬರಿಗಣ್ಣಿಗೆ ಗೊತ್ತಾಗುವುದೂ ಇಲ್ಲ.

ರಿಪೋರ್ಟ್ ಬರಲು ಒಂದು ವಾರದ ಆಸುಪಾಸು. ಅಷ್ಟರಲ್ಲಿ ಗುಳಿಗೆ ಕೊಟ್ಟಿರುತ್ತಾರೆ, ಉರಿ ನಿಂತಿರುತ್ತದೆ, ರೋಗಿ ಹೊಲದಲ್ಲಿ ಇರುತ್ತಾನೆ. ರಿಪೋರ್ಟ್ ಆಸ್ಪತ್ರೆಯ ಕಪಾಟಿನಲ್ಲಿ ಬಿದ್ದಿರುತ್ತದೆ. ಇಂಥದ್ದು ಆಗಬಾರದು ಅಂದರೆ ಚೂರು ತೆಗೆದ ದಿನವೇ ಮೂರು ವಿಷಯ ಬರೆಸಿಕೊಳ್ಳಿ: ರಿಪೋರ್ಟ್ ಯಾವ ತಾರೀಕಿಗೆ, ಯಾವ ಕೋಣೆಯಲ್ಲಿ, ಅದನ್ನು ಯಾರಿಗೆ ತೋರಿಸಬೇಕು. ತರುವ ಜವಾಬ್ದಾರಿ ಮನೆಯಲ್ಲಿ ಒಬ್ಬರ ಹೆಸರಿಗೆ ಇರಲಿ. ಎಲ್ಲರೂ ತರುತ್ತೇವೆ ಅಂದರೆ ಯಾರೂ ತರುವುದಿಲ್ಲ, ಅಲ್ವಾ?

ಕ್ಯಾನ್ಸರ್ ಅಲ್ಲ, ಜಠರದ ಹುಣ್ಣು ಅಂತ ಬಂದರೆ ಸಮಾಧಾನ. ಆದರೂ ಎಂಟರಿಂದ ಹನ್ನೆರಡು ವಾರ ಔಷಧಿ ಮುಗಿದ ಮೇಲೆ ಮತ್ತೊಮ್ಮೆ ಎಂಡೋಸ್ಕೋಪಿ ಮಾಡಿ ಹುಣ್ಣು ಪೂರ್ತಿ ಮಾಯ್ದಿದೆಯಾ ಅಂತ ನೋಡಬೇಕೇ ಎಂದು ಕೇಳಿ. ಎಲ್ಲವೂ ಸರಿ ಇದೆ ಅಂತ ಬಂದು, ತೂಕ ಮಾತ್ರ ಇಳಿಯುತ್ತಲೇ ಇದ್ದರೆ ಹಳೇ ರಿಪೋರ್ಟ್ ಹಿಡಿದುಕೊಂಡು ಮತ್ತೆ ಹೋಗಿ. ಗೋಡೆಯೊಳಗೆ ಹರಡುವ ಬಗೆಯಲ್ಲಿ ಮೇಲ್ಪದರ ಚೆನ್ನಾಗಿಯೇ ಕಾಣಬಹುದು, ಮೊದಲ ಚೂರಿನಲ್ಲಿ ಸಿಗದೆಯೂ ಇರಬಹುದು.

ಹೆಜ್ಜೆ 6: ಹೆಲಿಕೊಬ್ಯಾಕ್ಟರ್ ಪೈಲೊರಿ ಇದೆಯಾ ನೋಡಿಸಿ

ಜಠರದ ಆಮ್ಲದಲ್ಲೂ ಬದುಕುವ ಬ್ಯಾಕ್ಟೀರಿಯಾ ಇದು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು 1982ರಲ್ಲಿ ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕ್ಯಾನ್ಸರ್ ತರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು 1994ರಲ್ಲೇ ಪಟ್ಟಿಗೆ ಸೇರಿಸಿದೆ. ಚಿಕ್ಕಂದಿನಲ್ಲೇ, ಇಕ್ಕಟ್ಟಿನ ಮನೆ ಮತ್ತು ಶುದ್ಧವಲ್ಲದ ನೀರು ಇರುವಲ್ಲಿ ಜಾಸ್ತಿ ಅಂಟುತ್ತದೆ. ನಮ್ಮ ದೇಶದಲ್ಲಿ ಬಹಳ ಜನರಲ್ಲಿ ಇದೆ. ಹೆದರಬೇಡಿ, ಸೋಂಕು ಇರುವ ನೂರು ಜನರಲ್ಲಿ ಒಬ್ಬರಿಂದ ಮೂವರಿಗಷ್ಟೇ ಕ್ಯಾನ್ಸರ್ ಆಗುತ್ತದೆ.

ಎಂಡೋಸ್ಕೋಪಿ ಮಾಡುವಾಗಲೇ ಇದನ್ನೂ ಪರೀಕ್ಷೆ ಮಾಡಬಹುದು. ಉಸಿರಿನ, ಮಲದ ಪರೀಕ್ಷೆಗಳೂ ಇವೆ. ಇದ್ದರೆ ಸಾಮಾನ್ಯವಾಗಿ 14 ದಿನದ ಆಂಟಿಬಯಾಟಿಕ್ ಕೋರ್ಸ್. ಬಾಯಿ ಕಹಿಯಾಗುತ್ತದೆ, ಹೊಟ್ಟೆ ಕೆಡುತ್ತದೆ, ಐದನೇ ದಿನಕ್ಕೆ ಬಿಡಬೇಕು ಅನಿಸುತ್ತದೆ. ಅರ್ಧಕ್ಕೆ ಬಿಟ್ಟರೆ ಮುಂದೆ ಆ ಔಷಧಿ ಕೆಲಸ ಮಾಡದೆ ಹೋಗಬಹುದು. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ ಹೋಗಿದೆಯಾ ಅಂತ ಮತ್ತೆ ನೋಡಿಸಬೇಕು.

ಹೆಜ್ಜೆ 7: ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬಂದರೆ

ಹಂತದ ಮೇಲೆ ಎಲ್ಲಾ ನಿಂತಿದೆ. ಒಳಪದರದಲ್ಲೇ ಇರುವ ಶುರುವಿನ ಕ್ಯಾನ್ಸರ್ ಅನ್ನು ಜಪಾನ್‌ನಲ್ಲಿ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಲ್ಲೇ ಕೆತ್ತಿ ತೆಗೆಯುವುದು ಮಾಮೂಲಿ. ಅಂಥವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನ ಐದು ವರ್ಷ ದಾಟುತ್ತಾರೆ. ಅಮೆರಿಕದ ಲೆಕ್ಕದಲ್ಲಿ ರೋಗ ಜಠರದಲ್ಲೇ ಇದ್ದಾಗ ಸಿಕ್ಕವರಲ್ಲಿ ನಾಲ್ಕರಲ್ಲಿ ಮೂವರು ಐದು ವರ್ಷ ದಾಟಿದರೆ, ದೂರದ ಅಂಗಕ್ಕೆ ಹರಡಿದ ಮೇಲೆ ಸಿಕ್ಕವರಲ್ಲಿ ನೂರಕ್ಕೆ ಹತ್ತು ಜನವೂ ಇಲ್ಲ. ನಡುವಿನ ಹಂತದಲ್ಲಿ ಮೊದಲು ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ ಕೊಡುವುದು ಈಗಿನ ಪದ್ಧತಿ. ಹಾಗಾಗಿ "ನಾಳೆಯೇ ಆಪರೇಷನ್ ಮಾಡಿಬಿಡೋಣ" ಅಂದರೆ, ಸಿಟಿ ಸ್ಕ್ಯಾನ್ ಆಯಿತಾ, ಯಾವ ಹಂತ, ಕ್ಯಾನ್ಸರ್ ತಜ್ಞರಿಗೆ ಒಮ್ಮೆ ತೋರಿಸಬೇಕಾ ಅಂತ ಕೇಳಿ. ತಪ್ಪೇನಿಲ್ಲ.

ಊರು ಬಿಡುವ ಮುಂಚೆ ಬಯಾಪ್ಸಿಯ ಸ್ಲೈಡ್ (ಚೂರು ಅಂಟಿಸಿದ ಗಾಜು) ಮತ್ತು ಬ್ಲಾಕ್ ಕೇಳಿ ತೆಗೆದುಕೊಳ್ಳಿ. ಮೇಣದಲ್ಲಿ ಕೂರಿಸಿದ ಆ ಚೂರಿನ ಮೇಲೆ ಮುಂದೆ ಇನ್ನೂ ಪರೀಕ್ಷೆಗಳು ಇರುತ್ತವೆ. ಇಲ್ಲದಿದ್ದರೆ ಅಲ್ಲಿ ಮತ್ತೆ ಎಂಡೋಸ್ಕೋಪಿ, ಮತ್ತೆ ಒಂದು ವಾರ. ಬೇಸಿಗೆ ಬಿಸಿಲಿಗೆ ಬಸ್ಸಿನ ಕಿಟಕಿ ಪಕ್ಕ ಇಟ್ಟರೆ ಮೇಣ ಕರಗುತ್ತದೆ, ಬ್ಯಾಗಿನ ಒಳಗಡೆ ಇಡಿ. ಬೆಂಗಳೂರಿನ ಕಿದ್ವಾಯಿ, ಕಲಬುರಗಿಯಲ್ಲಿರುವ ಕಿದ್ವಾಯಿಯ ಘಟಕ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ನಮ್ಮ ಕಡೆಯವರು ಹೋಗುವ ಜಾಗಗಳು. ರಾಯಚೂರಿನವರು ಹೈದರಾಬಾದಿನ ಎಂಎನ್‌ಜೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೂ ಹೋಗುತ್ತಾರೆ. ಬೇರೆ ರಾಜ್ಯದಲ್ಲಿ ನಮ್ಮ ಆಯುಷ್ಮಾನ್ ಕಾರ್ಡ್ ನಡೆಯುತ್ತದಾ ಅಂತ ಹೋಗುವ ಮುಂಚೆಯೇ ಆ ಯೋಜನೆಯ ಸಹಾಯವಾಣಿ 14555ಕ್ಕೆ ಕೇಳಿ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಎಷ್ಟೋ ಜನ ಮೊದಲು ಅಡ್ಮಿಟ್ ಆಗಿ, ಬಿಲ್ ಬಂದ ಮೇಲೆ ಕಾರ್ಡ್ ತೆಗೆಯುತ್ತಾರೆ. ಆಗ ಆಗುವುದಿಲ್ಲ. ರೇಷನ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ತರಹ ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಗೊಂದಲ ಇದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ರೋಗಿಯ ಒಡಹುಟ್ಟಿದವರು ಮತ್ತು ಮಕ್ಕಳು ಅವರದ್ದೇ ಡಾಕ್ಟರ್ ಹತ್ತಿರ ತಮಗೂ ಏನಾದರೂ ಪರೀಕ್ಷೆ ಬೇಕಾ ಅಂತ ಕೇಳಲಿ, ಮುಖ್ಯವಾಗಿ ಪೈಲೊರಿ ಪರೀಕ್ಷೆ.

ಓಡಾಟ ಒಂದೆರಡು ಸಲಕ್ಕೆ ಮುಗಿಯುವುದಿಲ್ಲ. ಕೊಪ್ಪಳ, ಬಳ್ಳಾರಿಯವರಿಗೆ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲ್ವೆಯಲ್ಲಿ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ರಿಯಾಯಿತಿ. ಇದಕ್ಕೆ ಆಸ್ಪತ್ರೆಯವರು ಸಹಿ, ಸೀಲು ಹಾಕಿದ ನಿಗದಿತ ಫಾರ್ಮ್ ಬೇಕು. ಮೊದಲ ಭೇಟಿಯ ದಿನವೇ ಕೇಳಿ ಮಾಡಿಸಿಕೊಂಡರೆ ವಾಪಸ್ ಬರುವ ಟಿಕೆಟ್ಟಿನಿಂದಲೇ ಉಳಿತಾಯ.